ಮಲೆನಾಡಿನ ಮರಗೆಲಸದವರಿಗೆ ಏರ್ ನೇಲ್ ಗನ್: ಕೆಟ್ಟಾಗ ಏನು, ಕೆಡದಂತೆ ಹೇಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ, ಹೊಸನಗರ, ಕೊಪ್ಪ ಕಡೆಯ ಫರ್ನಿಚರ್ ಅಂಗಡಿಗಳಲ್ಲಿ, ಇಂಟೀರಿಯರ್ ಕೆಲಸದ ಸೈಟುಗಳಲ್ಲಿ, ಸೋಫಾ ಕಟ್ಟುವ ಕಡೆ ಗಾಳಿಯ ಗನ್ ಈಗ ಸುತ್ತಿಗೆಯಷ್ಟೇ ಸಾಮಾನ್ಯ. ಕೆಲವರಿಗೆ ಅದು ಪಿನ್ ಗನ್, ಕೆಲವರಿಗೆ ನೇಲ್ ಗನ್, ಇನ್ನು ಕೆಲವರಿಗೆ ಬರೀ ಏರ್ ಗನ್. ಹೆಸರು ಏನೇ ಇರಲಿ, ನಮ್ಮ ಕಡೆ ಅದಕ್ಕೆ ಬರುವ ಕಾಯಿಲೆಗಳಲ್ಲಿ ಹೆಚ್ಚಿನವುಗಳ ಬೇರು ಒಂದೇ: ಗಾಳಿಯ ಜೊತೆ ಒಳಗೆ ಹೋಗುವ ನೀರು. ಕೆಳಗಿನ ಉತ್ತರಗಳಲ್ಲಿ ಆ ನೀರಿನ ಮಾತು ಮತ್ತೆ ಮತ್ತೆ ಬರುವುದು ಅದಕ್ಕೇ. ಇಲ್ಲಿ ಮುಖ್ಯವಾಗಿ ಹೇಳಿರುವುದು ಎಫ್-30, ಎಫ್-50 ಪಿನ್ ಗನ್‌ಗಳ ಬಗ್ಗೆ (30, 50 ಅಂದರೆ ಹೊಡೆಯಬಹುದಾದ ಪಿನ್ನಿನ ಗರಿಷ್ಠ ಉದ್ದ, ಮಿ.ಮೀ.ನಲ್ಲಿ). ಸೋಫಾದವರ ಸ್ಟೇಪಲ್ ಗನ್ನಿಗೂ ಎಸ್‌ಟಿ-64 ಕಾಂಕ್ರೀಟ್ ಗನ್ನಿಗೂ ಒಳಗಿನ ಕಟ್ಟು ಹೆಚ್ಚು ಕಡಿಮೆ ಇದೇ.

ಗನ್ ಬಿಚ್ಚುವ ಮೊದಲು ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಬೇಕೇ?

ಗೊತ್ತಿದ್ದರೆ ಅರ್ಧ ರಿಪೇರಿ ಆದಂತೆ. ಕಂಪ್ರೆಸರಿನಿಂದ ಬರುವ ಪೈಪು ಸಿಕ್ಕಿಸಿದ ಕೂಡಲೇ ಗನ್ನಿನ ಹಿಡಿಯೊಳಗೆ ಗಾಳಿ ತುಂಬಿಕೊಳ್ಳುತ್ತದೆ. ಅದೇ ಗಾಳಿ ಟ್ರಿಗರ್ ವಾಲ್ವಿನ ಮೂಲಕ ತಲೆಯ ಭಾಗಕ್ಕೂ ಹೋಗಿ, ಹೆಡ್ ವಾಲ್ವನ್ನು ಮೇಲಿನಿಂದ ಒತ್ತಿ ಮುಚ್ಚಿ ಹಿಡಿದಿರುತ್ತದೆ. ಟ್ರಿಗರ್ ಎಳೆದರೆ ತಲೆಯಲ್ಲಿದ್ದ ಗಾಳಿ ಹೊರಗೆ ಹೋಗುತ್ತದೆ, ಹೆಡ್ ವಾಲ್ವ್ ಮೇಲಕ್ಕೆ ಏಳುತ್ತದೆ, ಹಿಡಿಯಲ್ಲಿ ಕಾದಿದ್ದ ಗಾಳಿ ಒಟ್ಟಿಗೇ ಪಿಸ್ಟನ್ ಮೇಲೆ ಬೀಳುತ್ತದೆ. ಪಿಸ್ಟನ್ನಿಗೆ ಸೇರಿದ ಉಕ್ಕಿನ ಬ್ಲೇಡು ಪಟ್ಟಿಯಿಂದ ಒಂದು ಪಿನ್ ಮುರಿದು ಮರಕ್ಕೆ ತಳ್ಳುತ್ತದೆ. ಪಿಸ್ಟನ್ ಕೆಳಗೆ ಬಂದು ಕೂರುವುದು ದಪ್ಪ ರಬ್ಬರಿನ ಬಂಪರ್ ಮೇಲೆ. ಅಷ್ಟರಲ್ಲಿ ಸ್ವಲ್ಪ ಗಾಳಿ ಸಿಲಿಂಡರಿನ ರಂಧ್ರಗಳಿಂದ ಪಕ್ಕದ ಕೋಣೆಗೆ ಹೋಗಿ ಸೇರಿರುತ್ತದೆ. ಟ್ರಿಗರ್ ಬಿಟ್ಟಾಗ ಹೆಡ್ ವಾಲ್ವ್ ಮುಚ್ಚಿ, ಪಿಸ್ಟನ್ ಮೇಲಿನ ಗಾಳಿ ಎಕ್ಸಾಸ್ಟ್ ಕಡೆ, ಅಂದರೆ ಬಳಸಿದ ಗಾಳಿ ಹೊರಬೀಳುವ ಬಾಯಿಗೆ ಹೋಗುತ್ತದೆ. ಪಕ್ಕದ ಕೋಣೆಯ ಗಾಳಿ ಪಿಸ್ಟನ್ನನ್ನು ಮೇಲಕ್ಕೆ ನೂಕುತ್ತದೆ.

ಇಷ್ಟೂ ಕೆಲಸವನ್ನು ನಡೆಸುವುದು ಗಾಳಿ ಸೋರದಂತೆ ತಡೆಯುವ ಕೆಲವೇ ರಬ್ಬರ್ ಬಳೆಗಳು, ಅಂದರೆ ಓ-ರಿಂಗ್‌ಗಳು. ಅವು ಒಣಗಿದರೆ, ಸವೆದರೆ, ತುಕ್ಕಿನ ಕಣ ಸಿಕ್ಕಿ ಗೀರಾದರೆ ಗನ್ ಹಟ ಹಿಡಿಯುತ್ತದೆ.

ಸುಮ್ಮನೆ ಇಟ್ಟಾಗಲೂ ಸುಯ್ ಅಂತ ಗಾಳಿ ಸೋರುತ್ತಿದೆ. ಎಲ್ಲಿ ನೋಡಬೇಕು?

ಕಿವಿಯಿಂದ ಮೊದಲು ದಿಕ್ಕು ಹಿಡಿಯಿರಿ. ಆಮೇಲೆ ಸೋಪಿನ ನೊರೆಯನ್ನು ಬ್ರಷ್‌ನಲ್ಲಿ ಹಚ್ಚಿ ಗುಳ್ಳೆ ಏಳುವ ಜಾಗ ಗುರುತಿಸಿ. ಬಕೆಟ್ಟಿನಲ್ಲಿ ಮುಳುಗಿಸುವುದು ಬೇಡ, ಅದು ಸೈಕಲ್ ಟ್ಯೂಬಿಗೆ ಸರಿ. ಪರೀಕ್ಷೆ ಮಾಡುವಾಗ ಪಿನ್ ಪಟ್ಟಿ ತುಂಬುವ ಮ್ಯಾಗಜೀನ್‌ನಲ್ಲಿ ಒಂದು ಪಿನ್ನೂ ಇರಬಾರದು.

ಟ್ರಿಗರ್ ಸುತ್ತ ಸೋರಿದರೆ ಟ್ರಿಗರ್ ವಾಲ್ವಿನ ಸಣ್ಣ ಓ-ರಿಂಗ್ ಹೋಗಿದೆ, ಅಥವಾ ಅದರ ಕಡ್ಡಿಗೆ ತುಕ್ಕು ಹಿಡಿದು ಪೂರ್ತಿ ಕೆಳಗೆ ಬರುತ್ತಿಲ್ಲ. ಇಲ್ಲಿ ರಬ್ಬರ್ ಬದಲಿಸುವುದಕ್ಕಿಂತ ವಾಲ್ವಿನ ಇಡೀ ಸೆಟ್ ಹಾಕುವುದೇ ಒಳ್ಳೆಯದು, ಬೆಲೆಯೂ ಹೆಚ್ಚಿರುವುದಿಲ್ಲ. ಎಕ್ಸಾಸ್ಟ್ ಬಾಯಿಂದ ಸೋರಿದರೆ ಹೆಡ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಓ-ರಿಂಗ್ ಸವೆದಿರಬಹುದು, ಇಲ್ಲವೇ ಕೂರುವ ಜಾಗದಲ್ಲಿ ಕಸ ಕೂತಿರಬಹುದು. ಒಣಗಿ ಅಂಟಿಕೊಂಡಿದ್ದರೆ ಐದು ಹನಿ ಎಣ್ಣೆ ಬಿಟ್ಟು, ಹಲಗೆಯ ಚೂರಿಗೆ ಹತ್ತು ಸಲ ಹೊಡೆದರೆ ಕೆಲವೊಮ್ಮೆ ಸೋರುವುದು ನಿಂತುಬಿಡುತ್ತದೆ. ನಿಲ್ಲದಿದ್ದರೆ ಬಿಚ್ಚಲೇಬೇಕು.

ತಲೆಯ ಮುಚ್ಚಳದ ಸುತ್ತ ಗುಳ್ಳೆ ಬಂದರೆ ಅಲೆನ್ ಸ್ಕ್ರೂ ಸಡಿಲ ಅಥವಾ ಗ್ಯಾಸ್ಕೆಟ್ ಹರಿದಿದೆ. ಸಾವಿರಾರು ಹೊಡೆತದ ಅದುರಿಗೆ ಸ್ಕ್ರೂ ಸಡಿಲವಾಗುವುದು ಸಹಜ. ವಾರಕ್ಕೊಮ್ಮೆ ಕೈಯಾಡಿಸಿ.

ಟ್ರಿಗರ್ ಒತ್ತಿ ಹಿಡಿದಾಗ ಮಾತ್ರ ಮೂತಿಯ ಕಡೆಯಿಂದ ಗಾಳಿ ಬಂದರೆ ಅದು ಬೇರೆ ಕಾಯಿಲೆ: ಪಿಸ್ಟನ್ನಿನ ಓ-ರಿಂಗ್ ಅಥವಾ ಬಂಪರ್ ಸವೆದಿದೆ.

ಪಿನ್ ಪೂರ್ತಿ ಒಳಗೆ ಹೋಗದೆ ತಲೆ ಮೇಲೆ ಉಳಿಯುತ್ತಿದೆ. ಪ್ರೆಶರ್ ಏರಿಸಿದರೆ ಸಾಕೇ?

ಹೆಚ್ಚಿನವರು ಮೊದಲು ಮಾಡುವುದು ಅದನ್ನೇ. ಅದನ್ನು ಕೊನೆಗೆ ಮಾಡಬೇಕು.

ಟ್ಯಾಂಕಿನ ಮೀಟರ್ ನೋಡಿ ಪ್ರೆಶರ್ ಇದೆ ಅಂದುಕೊಳ್ಳಬೇಡಿ. ಗನ್ನಿಗೆ ಹೋಗುವ ಪ್ರೆಶರ್ ಹೊಂದಿಸುವ ರೆಗ್ಯುಲೇಟರಿನ ಮೀಟರ್ ನೋಡುತ್ತಾ ಒಬ್ಬರು ಬೇಗ ಬೇಗ ಹತ್ತು ಪಿನ್ ಹೊಡೆಯಲಿ. ನಿಂತಾಗ 6 ಬಾರ್ ಇದ್ದದ್ದು ಹೊಡೆಯುವಾಗ 4ಕ್ಕೆ ಇಳಿದರೆ ಗಾಳಿಯ ದಾರಿ ಇಕ್ಕಟ್ಟಾಗಿದೆ. ಆ ಮೀಟರ್ ಕಂಪ್ರೆಸರಿನ ಹತ್ತಿರವೇ ಇದ್ದರೆ ಮುಂದಿನ ಪೈಪಿನ ತೊಂದರೆ ಅದರಲ್ಲಿ ಕಾಣುವುದಿಲ್ಲ, ಹಾಗಾಗಿ ಗನ್ನಿನ ತುದಿಯಲ್ಲಿ ಒಂದು ಚಿಕ್ಕ ಮೀಟರ್ ಸಿಕ್ಕಿಸಿ ನೋಡುವುದು ಉತ್ತಮ. ಸಣ್ಣ ಒಳವ್ಯಾಸದ ಸುರುಳಿ ಪೈಪು, ಒಂದಕ್ಕೊಂದು ಜೋಡಿಸಿದ ನಾಲ್ಕೈದು ಕಪ್ಲರ್ (ಪೈಪು ಸೇರಿಸುವ ಕೊಂಡಿ), ತುಕ್ಕು ತುಂಬಿದ ಫಿಲ್ಟರ್, ಮೂಲೆಯಲ್ಲಿ ಮಡಚಿಕೊಂಡ ಪೈಪು – ಎಲ್ಲ ಇದನ್ನೇ ಮಾಡುತ್ತವೆ. ಹತ್ತು ಮೀಟರ್‌ವರೆಗೆ 8 ಮಿ.ಮೀ. ಒಳವ್ಯಾಸದ ಪೈಪು ಸಾಕು. ಮಹಡಿ ಮನೆ ಕೆಲಸದಲ್ಲಿ ಕಂಪ್ರೆಸರ್ ಕೆಳಗಿಟ್ಟು 20–30 ಮೀಟರ್ ಎಳೆಯುವುದಾದರೆ 10 ಮಿ.ಮೀ. ಹಾಕಿ, ಕೊನೆಯ ಮೂರು ಮೀಟರ್ ಮಾತ್ರ ತೆಳು ಪೈಪು ಇರಲಿ. ಕೈಗೂ ಭಾರ ಆಗುವುದಿಲ್ಲ.

ಗಾಳಿ ಸರಿಯಿದ್ದರೆ ಬ್ಲೇಡಿನ ತುದಿ ನೋಡಿ. ಹೊಸ ಬ್ಲೇಡಿನ ತುದಿ ಚೌಕ, ಅಂಚು ಚೂಪು. ಸವೆದ ಬ್ಲೇಡಿನ ತುದಿ ಒಂದು ಬದಿಗೆ ದುಂಡಾಗಿ, ಪಿನ್ನಿನ ತಲೆಯಿಂದ ಜಾರುತ್ತದೆ. ಮರದ ಮೇಲೆ ಪಿನ್ನಿನ ಪಕ್ಕಕ್ಕೆ ಉದ್ದದ ಗಾಯ ಬಿದ್ದಿರುತ್ತದೆ. ಅಂಥದ್ದನ್ನು ಒಂದೆರಡು ಸಲ ಅರ್ಧ ಮಿ.ಮೀ. ಉಜ್ಜಿ ಚೌಕ ಮಾಡಬಹುದು. ಗ್ರೈಂಡರಿಗೆ ಹಿಡಿಯುವಾಗ ಆಗಾಗ ನೀರಿಗೆ ಅದ್ದಿ. ನೀಲಿ ಬಣ್ಣ ಬಂದರೆ ಉಕ್ಕಿನ ಹದ ಹೋಯಿತು, ಆ ಬ್ಲೇಡು ಒಂದು ವಾರವೂ ಬಾಳುವುದಿಲ್ಲ. ಉಜ್ಜಿದಷ್ಟೂ ಬ್ಲೇಡು ಗಿಡ್ಡವಾಗಿ ಪಿನ್ ಮೇಲೇ ಉಳಿಯುವುದರಿಂದ ಮೂರನೆಯ ಸಲಕ್ಕೆ ಹೊಸದು ಹಾಕಿ.

ಹಾಗಾದರೆ ಪ್ರೆಶರ್ ಎಷ್ಟು ಇಡಬೇಕು?

ಎಫ್-30ಕ್ಕೆ ಪ್ಲೈವುಡ್, ಸಿಲ್ವರ್ ಓಕ್, ರಬ್ಬರ್ ಮರದಲ್ಲಿ 4.5ರಿಂದ 5.5 ಬಾರ್, ಅಂದರೆ 65–80 ಪಿಎಸ್‌ಐ. ಸಾಗುವಾನಿ, ಹಲಸಿಗೆ 6 ಬಾರ್. ಹೊನ್ನೆ, ಮತ್ತಿ, ಒಣಗಿದ ಅಕೇಶಿಯಾಕ್ಕೆ 6.5ರಿಂದ 7. ಗನ್ನಿನ ಮೈಮೇಲೆ ಬರೆದ ಮಿತಿ ದಾಟಬಾರದು. ಪಿನ್ ಮರದ ಮಟ್ಟದಿಂದ ಸುಮಾರು 1 ಮಿ.ಮೀ. ಒಳಗೆ ಕೂರುವಷ್ಟು ಪ್ರೆಶರ್ ಸಾಕು. ಅದಕ್ಕಿಂತ ಹೆಚ್ಚಿನದೆಲ್ಲ ಬಂಪರಿಗೆ ಬೀಳುವ ಏಟು.

ಖಾಲಿ ಹೊಡೆತ ಬರುತ್ತಿದೆ. ಟಪ್ ಅನ್ನುತ್ತದೆ, ಪಿನ್ ಇಲ್ಲ.

ಮ್ಯಾಗಜೀನ್ ತೆಗೆದು ನೋಡಿ. ಮರದ ಹುಡಿ ಮತ್ತು ಎಣ್ಣೆ ಸೇರಿ ಕೆಸರಾಗಿ, ಪಿನ್ ಪಟ್ಟಿಯನ್ನು ತಳ್ಳುವ ಪುಷರ್ ಅಲ್ಲೇ ಸಿಕ್ಕಿಕೊಂಡಿರುತ್ತದೆ. ಮ್ಯಾಗಜೀನ್ ಹಳಿಗೆ ಎಣ್ಣೆ ಹಾಕಲೇಬಾರದು. ಒಣ ಬಟ್ಟೆಯಲ್ಲಿ ಒರೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಲ್ಲಿ ಉಜ್ಜಿ ಬಿಟ್ಟರೆ ಸಾಕು. ಸ್ಪ್ರಿಂಗ್ ಸೋತಿದ್ದರೆ ಬದಲಿಸಿ. ಎಳೆದು ಉದ್ದ ಮಾಡಿ ಹಾಕಿದ ಸ್ಪ್ರಿಂಗ್ ಎರಡೇ ದಿನಕ್ಕೆ ಮತ್ತೆ ಸೋಲುತ್ತದೆ.

ಮಳೆಗಾಲದಲ್ಲಿ ಇನ್ನೊಂದು ಕಾರಣ ಇದೆ. ಪಿನ್‌ಗಳನ್ನು ಪಟ್ಟಿಯಾಗಿ ಹಿಡಿದಿರುವುದು ತೆಳುವಾದ ಅಂಟು. ಡಬ್ಬಿ ತೆರೆದಿಟ್ಟು ಥಂಡಿ ಹಿಡಿದರೆ ಅಂಟು ಬಿಟ್ಟು ಪಟ್ಟಿ ತುಂಡಾಗುತ್ತದೆ, ತುಂಡು ಪಟ್ಟಿ ಮ್ಯಾಗಜೀನಿನಲ್ಲಿ ಅಡ್ಡ ತಿರುಗುತ್ತದೆ. ಸತುವಿನ ಲೇಪ ಇದ್ದರೂ ಪಿನ್ನಿನ ಮೇಲೆ ಬಿಳಿ ಹುಡಿ ಏಳುತ್ತದೆ. ಒಂದು ವಾರಕ್ಕೆ ಬೇಕಾದಷ್ಟೇ ಪೆಟ್ಟಿಗೆ ಒಡೆದು, ಉಳಿದದ್ದನ್ನು ಬಿಗಿ ಮುಚ್ಚಳದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ.

ಮ್ಯಾಗಜೀನ್ ಶುದ್ಧವಿದ್ದು, ಪಿನ್ನೂ ಒಳ್ಳೆಯದಿದ್ದು, ಆಗಲೂ ಖಾಲಿ ಹೊಡೆತ ಬಂದರೆ ಬ್ಲೇಡು ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ ಎಂದರ್ಥ. ಪಿನ್ ಬರಬೇಕಾದ ದಾರಿಯಲ್ಲಿ ಬ್ಲೇಡೇ ನಿಂತಿರುತ್ತದೆ.

ಬ್ಲೇಡು ಮೂತಿಯಿಂದ ಹೊರಗೇ ನಿಂತುಬಿಡುತ್ತದೆ. ಯಾಕೆ?

ಹಿಂದಕ್ಕೆ ನೂಕುವ ಗಾಳಿ ಸ್ವಲ್ಪವೇ, ಬಲವೂ ಕಡಿಮೆ. ಹಾಗಾಗಿ ಒಳಗೆ ಎಲ್ಲಿ ಬಿಗಿಯಾದರೂ ಮೊದಲು ಕೈಕೊಡುವುದು ಈ ಹಿಮ್ಮರಳಿಕೆ. ಕ್ರಮವಾಗಿ ನೋಡಿ: ಎಣ್ಣೆ ಇಲ್ಲದೆ ಒಣಗಿದೆಯೇ? ಸಿಲಿಂಡರಿನಲ್ಲಿ ನೀರಿನ ಕಂದು ಕಲೆ ಇದೆಯೇ? ಬ್ಲೇಡು ಬಗ್ಗಿದೆಯೇ? ಪಿಸ್ಟನ್ ಓ-ರಿಂಗ್ ಸವೆದು ಗಾಳಿ ಪಕ್ಕಕ್ಕೆ ನುಸುಳುತ್ತಿದೆಯೇ? ಬಂಪರ್ ಚೂರಾಗಿದೆಯೇ? ಮೂತಿಯಿಂದ ಕಪ್ಪು ರಬ್ಬರಿನ ತುಣುಕು ಉದುರಿದ್ದರೆ ಬೇರೇನೂ ಹುಡುಕಬೇಕಿಲ್ಲ, ಬಂಪರೇ ಹೋಗಿದೆ.

ರಾತ್ರಿ ಚೆನ್ನಾಗಿದ್ದ ಗನ್ ಬೆಳಿಗ್ಗೆ ಹೀಗೆ ಮಾಡಿದರೆ ಅದು ಬಹುಪಾಲು ನೀರಿನ ಕೆಲಸ. ಹಿಂದಿನ ದಿನ ಒಳಗೆ ಉಳಿದ ತೇವ ರಾತ್ರಿ ತುಕ್ಕಾಗಿ, ಓ-ರಿಂಗ್ ಒರಟು ಗೋಡೆಗೆ ಕಚ್ಚಿಕೊಂಡಿರುತ್ತದೆ.

ಪಿನ್ ಸಿಕ್ಕಿಕೊಂಡಿದೆ. ಹೇಗೆ ತೆಗೆಯಬೇಕು?

ಮೊದಲು ಪೈಪು ಕಳಚಿ. ಕಂಪ್ರೆಸರ್ ಆಫ್ ಮಾಡಿದರೆ ಸಾಲದು, ಪೈಪಿನಲ್ಲೂ ಹಿಡಿಯಲ್ಲೂ ಗಾಳಿ ಉಳಿದಿರುತ್ತದೆ. ಕೈಬೆರಳಿಗೆ ಪಿನ್ ಹೊಕ್ಕುವ ಅಪಘಾತಕ್ಕೆ ಈ ಒಂದು ಅಸಡ್ಡೆ ಸಾಕು. ಕಳಚಿದ ಮೇಲೆ ಪಟ್ಟಿ ಹೊರಗೆ ತೆಗೆದು, ಮೂತಿಯ ಕೊಂಡಿ ಎತ್ತಿ ಅಥವಾ ಎರಡು ಸ್ಕ್ರೂ ಬಿಚ್ಚಿ ಮುಂದಿನ ತಗಡು ತೆಗೆಯಿರಿ. ಚಪ್ಪಟೆ ಸ್ಕ್ರೂಡ್ರೈವರಿನಿಂದ ಬ್ಲೇಡನ್ನು ನೇರವಾಗಿ ಹಿಂದಕ್ಕೆ ನೂಕಿ. ಸಿಕ್ಕ ಪಿನ್ನನ್ನು ನೋಸ್ ಪ್ಲಯರ್‌ನಲ್ಲಿ ಎಳೆಯಿರಿ. ಸುತ್ತಿಗೆಯಿಂದ ಬಡಿಯಬಾರದು, ಮೂತಿಯ ಬಾಯಿ ಅಗಲವಾದರೆ ಆಮೇಲೆ ದಿನವೂ ಸಿಕ್ಕಿಕೊಳ್ಳುತ್ತದೆ.

ದಿನಕ್ಕೊಂದು ಸಲ ಸಿಕ್ಕಿಕೊಂಡರೆ ಪಿನ್ನಿನ ಗೇಜ್, ಅಂದರೆ ದಪ್ಪದ ನಂಬರ್ ನೋಡಿ. ಎಫ್ ಸಾಲಿನ ಗನ್ನಿಗೆ 18 ಗೇಜಿನ ಪಿನ್ ಮಾತ್ರ. ಎರಡು ಕಂಪನಿಯ ಪಟ್ಟಿ ಬೆರೆಸಿ ತುಂಬಿದರೂ ತಲೆಯ ದಪ್ಪದಲ್ಲಿ ಕೂದಲೆಳೆಯ ವ್ಯತ್ಯಾಸಕ್ಕೆ ಎರಡು ಪಿನ್ ಒಟ್ಟಿಗೆ ಬರುತ್ತವೆ.

ನೀರು ನೀರು ಅನ್ನುತ್ತೀರಿ. ಗಾಳಿಯಲ್ಲಿ ಅಷ್ಟು ನೀರು ಎಲ್ಲಿಂದ ಬರುತ್ತದೆ?

ಲೆಕ್ಕ ಹಾಕಿಯೇ ನೋಡೋಣ. ಆರಿದ್ರಾ ಮಳೆ ಹಿಡಿದ ದಿನ ತೀರ್ಥಹಳ್ಳಿಯಲ್ಲೋ ಹೊಸನಗರದಲ್ಲೋ ಹವೆ 28 ಡಿಗ್ರಿ, ತೇವಾಂಶ ಶೇ. 90 ಎಂದಿಟ್ಟುಕೊಳ್ಳಿ. ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 24 ಗ್ರಾಂ ನೀರಿನ ಆವಿ ಇರುತ್ತದೆ. ಕಂಪ್ರೆಸರ್ ಅದನ್ನು 7 ಬಾರ್‌ಗೆ ಒತ್ತಿದಾಗ ಗಾಳಿ ಎಂಟನೆಯ ಒಂದು ಭಾಗಕ್ಕೆ ಕುಗ್ಗುತ್ತದೆ. ತಣಿದ ಮೇಲೆ ಅಷ್ಟು ಜಾಗದ ಗಾಳಿ ಹಿಡಿದಿಟ್ಟುಕೊಳ್ಳಬಲ್ಲ ಆವಿ ಬರೀ 4 ಗ್ರಾಂ. ಉಳಿದ 20 ಗ್ರಾಂ ನೀರಾಗಿ ಬೀಳಲೇಬೇಕು. 2 ಎಚ್‌ಪಿ ಕಂಪ್ರೆಸರ್ ನಿಮಿಷಕ್ಕೆ 140 ಲೀಟರ್ ಗಾಳಿ ಎಳೆದರೆ ಗಂಟೆಗೆ 8 ಘನ ಮೀಟರ್ ದಾಟುತ್ತದೆ. ಅಂದರೆ ಮೋಟರ್ ಓಡಿದ ಪ್ರತಿ ಗಂಟೆಗೂ 160 ಮಿ.ಲೀ. ಹತ್ತಿರ ನೀರು. ದಿನದಲ್ಲಿ ನಾಲ್ಕು ಗಂಟೆ ಮೋಟರ್ ಓಡಿದರೆ ಅರ್ಧ ಲೀಟರಿಗೂ ಮೀರಿ. ಮಾರ್ಚ್ ತಿಂಗಳ ಒಣ ಮಧ್ಯಾಹ್ನ ಇದೇ ಲೆಕ್ಕ ಎಷ್ಟೋ ಕಡಿಮೆ ಆಗುತ್ತದೆ. ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಡ್ರೇನ್ ಮಾಡಿ ಪಾರಾದವರು ಜುಲೈಯಲ್ಲಿ ಸಿಕ್ಕಿಬೀಳುವುದು ಹೀಗೆ.

ಆ ನೀರನ್ನು ತಡೆಯುವುದು ಹೇಗೆ?

ಟ್ಯಾಂಕಿನ ತಳದ ಡ್ರೇನ್ ಕಾಕ್ ಮಳೆಗಾಲದಲ್ಲಿ ದಿನಕ್ಕೆ ಎರಡು ಸಲ ತೆರೆಯಬೇಕು: ಮಧ್ಯಾಹ್ನ ಊಟಕ್ಕೆ ಹೋಗುವ ಮೊದಲು, ಸಂಜೆ ಕೆಲಸ ಮುಗಿದ ಮೇಲೆ. ಸಂಜೆ ಟ್ಯಾಂಕಿನಲ್ಲಿ 1–2 ಬಾರ್ ಉಳಿದಿರುವಾಗ ನಿಧಾನ ತೆರೆದರೆ ಗಾಳಿಯೇ ನೀರನ್ನು ಹೊರಗೆ ದಬ್ಬುತ್ತದೆ. ಪೂರ್ತಿ ಖಾಲಿಯಾದ ಮೇಲೆ ಕಾಕ್ ತೆರೆದೇ ಬಿಟ್ಟು ಹೋಗಿ. ಟ್ಯಾಂಕಿನಲ್ಲಿ ರಾತ್ರಿ ತಣಿದು ಇಳಿಯುವ ನೀರೂ ಬೆಳಿಗ್ಗೆಗೆ ಹೊರಗಿರುತ್ತದೆ. ಬರುವ ನೀರು ಕೆಂಪಗಿದ್ದರೆ ಟ್ಯಾಂಕನ್ನು ತುಕ್ಕು ಒಳಗಿನಿಂದ ತಿನ್ನುತ್ತಿದೆ. ತಳ ತೆಳುವಾದ ಟ್ಯಾಂಕ್ ಒಡೆದರೆ ಜೀವಕ್ಕೇ ಅಪಾಯ. ಅಂಥದ್ದಕ್ಕೆ ವೆಲ್ಡಿಂಗ್ ತೇಪೆ ಹಾಕಿಸಬೇಡಿ, ಟ್ಯಾಂಕ್ ಬದಲಿಸಿ.

ಎರಡನೆಯದು ಫಿಲ್ಟರ್. ಇಲ್ಲಿ ಒಂದು ತಪ್ಪು ಎಲ್ಲ ಕಡೆ ಕಾಣುತ್ತದೆ: ಟ್ಯಾಂಕಿನ ಬಾಯಿಗೇ ಫಿಲ್ಟರ್ ಸಿಕ್ಕಿಸುವುದು. ಅಲ್ಲಿ ಗಾಳಿ ಬಿಸಿ, ನೀರು ಇನ್ನೂ ಆವಿಯಾಗಿಯೇ ಇರುತ್ತದೆ. ಫಿಲ್ಟರ್ ಹನಿಯನ್ನು ಹಿಡಿಯುತ್ತದೆ, ಆವಿಯನ್ನಲ್ಲ. ಆವಿ ಅದನ್ನು ದಾಟಿ ಮುಂದೆ ಪೈಪಿನಲ್ಲಿ ತಣಿದು ನೀರಾಗಿ ನೇರ ಗನ್ನಿಗೆ ಹೋಗುತ್ತದೆ. ಟ್ಯಾಂಕಿನಿಂದ ಹತ್ತು ಮೀಟರ್ ಪೈಪಾದ ಮೇಲೆ, ಗಾಳಿ ತಣಿದ ಜಾಗದಲ್ಲಿ ಫಿಲ್ಟರ್ ಇಡಿ. ಗೋಡೆಗೆ ಜಿಐ ಪೈಪು ಎಳೆಯುವ ಅಂಗಡಿಗಳಲ್ಲಿ ಮೀಟರಿಗೆ 1 ಸೆಂ.ಮೀ. ಇಳಿಜಾರು ಕೊಟ್ಟು, ಕೊನೆಯಲ್ಲಿ ನೀರು ಇಳಿಸುವ ಕಾಕ್ ಇಡಿ. ಕೆಲಸದ ಜಾಗಕ್ಕೆ ಇಳಿಯುವ ಕವಲನ್ನು ಪೈಪಿನ ಮೇಲುಭಾಗದಿಂದ ತೆಗೆದು ಬಾಗಿಸಿ ಇಳಿಸಿ. ನೀರು ತಳದಲ್ಲಿ ಹರಿದು ಹೋಗುತ್ತದೆ, ಗಾಳಿ ಮಾತ್ರ ಕವಲಿಗೆ ಬರುತ್ತದೆ. ಹಂಚಿನ ಮಾಡಿಗೆ ಮಳೆನೀರಿನ ದಂಬೆ ಕಟ್ಟುವಾಗ ಇಳಿಜಾರು ನೋಡುವ ಹಾಗೇ ಇದು.

ಕಂಪ್ರೆಸರನ್ನು ಹಿತ್ತಿಲ ಬಚ್ಚಲಿನ ಪಕ್ಕ, ಮಳೆಯ ಎರಚಲು ಹೊಡೆಯುವ ಜಗಲಿಯಲ್ಲಿ ಇಡಬೇಡಿ. ಅದು ಎಳೆಯುವ ಗಾಳಿ ಒಣಗಿದಷ್ಟೂ ಒಳ್ಳೆಯದು.

ಯಾವ ಎಣ್ಣೆ, ಎಷ್ಟು?

ವಿಜಿ-32 ದರ್ಜೆಯ ನ್ಯೂಮ್ಯಾಟಿಕ್ ಟೂಲ್ ಎಣ್ಣೆ. ಗಾಳಿ ಬರುವ ಬಾಯಿಗೆ ಎಫ್-30ಕ್ಕಾದರೆ 2–3 ಹನಿ, ದೊಡ್ಡ ಗನ್ನಿಗೆ 4–5 ಹನಿ. ಬೆಳಿಗ್ಗೆ ಒಂದು ಸಲ, ಊಟದ ನಂತರ ಒಂದು ಸಲ. ಮಳೆಗಾಲದಲ್ಲಿ ಸಂಜೆ ಕೆಲಸ ಮುಗಿಸುವ ಮೊದಲು ಮೂರನೆಯ ಸಲವೂ ಹಾಕಿ, ಬೇಡದ ಹಲಗೆಗೆ ನಾಲ್ಕು ಪಿನ್ ಹೊಡೆದು ಇಡಿ. ರಾತ್ರಿಯ ತುಕ್ಕಿಗೆ ಅದೇ ಮದ್ದು. ಎಣ್ಣೆ ಹಾಕಿದ ಮೇಲೆ ಮೊದಲ ಕೆಲವು ಹೊಡೆತಗಳಲ್ಲಿ ಎಕ್ಸಾಸ್ಟಿನಿಂದ ಎಣ್ಣೆ ಸಿಡಿಯುತ್ತದೆ. ಸಾಗುವಾನಿ ಬಾಗಿಲಿನ ಮೇಲೆ ಅದು ಬಿದ್ದರೆ ಆ ಜಾಗದಲ್ಲಿ ಪಾಲಿಶ್ ಹಿಡಿಯುವುದಿಲ್ಲ.

ಆ ಎಣ್ಣೆ ಸಿಗದ ದಿನ ಹೊಲಿಗೆ ಮಿಷನ್ ಎಣ್ಣೆ ನಡೆಯುತ್ತದೆ. ಕೊಬ್ಬರಿ ಎಣ್ಣೆ ಬೇಡ, ಕೆಲವೇ ದಿನದಲ್ಲಿ ಅಂಟಾಗುತ್ತದೆ. ಬೈಕಿನ ಎಂಜಿನ್ ಆಯಿಲ್ ಗಟ್ಟಿ, ಸಣ್ಣ ವಾಲ್ವನ್ನು ಎಳೆದು ಹಿಡಿಯುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಇದ್ದ ಗ್ರೀಸನ್ನೂ ತೊಳೆದುಬಿಡುತ್ತದೆ. ಬ್ರೇಕ್ ಆಯಿಲ್ ಅಂತೂ ಓ-ರಿಂಗನ್ನೇ ಉಬ್ಬಿಸಿ ಹಾಳು ಮಾಡುತ್ತದೆ. ಪೆಟ್ರೋಲ್, ಥಿನ್ನರ್ ಒಳಗೆ ಬಿಟ್ಟು ತೊಳೆಯುವುದು ಬೆಂಕಿಗೆ ಆಹ್ವಾನ.

ಇದೇ ಪೈಪಿನಲ್ಲಿ ಪಾಲಿಶ್ ಸ್ಪ್ರೇ ಮಾಡಬಹುದೇ?

ಕಂಪ್ರೆಸರ್ ಒಂದೇ ಇರಲಿ, ಪೈಪು ಬೇರೆ ಇರಲಿ. ಗನ್ನಿನ ಎಣ್ಣೆ ಪೈಪಿನೊಳಗೆ ಅಂಟಿರುತ್ತದೆ. ಅದರಲ್ಲಿ ಮೆಲಮೈನ್ ಅಥವಾ ಪಿಯು (ಪಾಲಿಯುರಿಥೇನ್) ಪಾಲಿಶ್ ಹೊಡೆದರೆ ಮೀನಿನ ಕಣ್ಣಿನಂಥ ಸಣ್ಣ ಗುಳಿಗಳು ಏಳುತ್ತವೆ. ಆಮೇಲೆ ಉಜ್ಜಿ ಮೊದಲಿಂದ ಮಾಡುವುದೊಂದೇ ದಾರಿ. ಎರಡು ಪೈಪಿಗೆ ಎರಡು ಬಣ್ಣದ ಟೇಪು ಸುತ್ತಿ.

ಓ-ರಿಂಗ್ ಬದಲಿಸುವುದು ನಾವೇ ಮಾಡಬಹುದೇ?

ಮಾಡಬಹುದು. ಮೊದಲ ಸಲಕ್ಕೆ ಒಂದು ಗಂಟೆ ಇಟ್ಟುಕೊಳ್ಳಿ. ಬೇಕಾದದ್ದು ಅಲೆನ್ ಕೀ ಸೆಟ್, ಬಿಳಿ ಬಟ್ಟೆ, ಸಿಲಿಕೋನ್ ಗ್ರೀಸ್, ವರ್ನಿಯರ್ ಇದ್ದರೆ ಇನ್ನೂ ಒಳ್ಳೆಯದು.

ಪೈಪು ಕಳಚಿ, ಪಿನ್ ತೆಗೆದು, ಒಮ್ಮೆ ಟ್ರಿಗರ್ ಒತ್ತಿ ಒಳಗಿನ ಗಾಳಿ ಬಿಡಿ. ತಲೆಯ ನಾಲ್ಕು ಸ್ಕ್ರೂಗಳನ್ನು ಒಂದೊಂದಾಗಿ ಪೂರ್ತಿ ಬಿಚ್ಚದೆ, ಎದುರು ಬದುರು ಸ್ವಲ್ಪ ಸ್ವಲ್ಪ ಸಡಿಲಿಸಿ. ಒಳಗಿನ ಸ್ಪ್ರಿಂಗ್ ಮುಚ್ಚಳವನ್ನು ಎತ್ತುತ್ತಿರುತ್ತದೆ. ಮುಚ್ಚಳ, ಸ್ಪ್ರಿಂಗ್, ಹೆಡ್ ವಾಲ್ವ್ ಬಂದ ಕ್ರಮದಲ್ಲೇ ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಸಾಲಾಗಿ ಇಟ್ಟು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮೂತಿಯಿಂದ ಬ್ಲೇಡನ್ನು ಮೇಲಕ್ಕೆ ನೂಕಿದರೆ ಪಿಸ್ಟನ್ ಹೊರಗೆ ಬರುತ್ತದೆ. ಹಳೆಯ ಓ-ರಿಂಗನ್ನು ಚೂಪು ಸೂಜಿಯಿಂದ ಎತ್ತಬೇಡಿ, ರಿಂಗ್ ಕೂರುವ ಗಾಡಿಗೆ (ತೋಡಿಗೆ) ಗೀರು ಬಿದ್ದರೆ ಹೊಸ ರಿಂಗೂ ಸೋರುತ್ತದೆ. ಬಿದಿರಿನ ಚೂರು ಚೂಪು ಮಾಡಿಕೊಂಡರೆ ಚೆನ್ನಾಗಿ ಏಳುತ್ತದೆ.

ಸಿಲಿಂಡರಿನ ಒಳಗೋಡೆಗೆ ಬೆರಳಾಡಿಸಿ. ಕಂದು ಕಲೆ ಇದ್ದರೆ ಎಣ್ಣೆ ಹಚ್ಚಿದ ಬಟ್ಟೆಯಲ್ಲಿ ಉಜ್ಜಿ. ಉಗುರಿಗೆ ತಾಗುವಷ್ಟು ಗೀರಿದ್ದರೆ ಸಿಲಿಂಡರ್ ಬದಲಿಸಬೇಕು, ಎಷ್ಟು ಓ-ರಿಂಗ್ ಹಾಕಿದರೂ ಉಳಿಯುವುದಿಲ್ಲ. ಹೊಸ ರಿಂಗಿಗೆ ತೆಳುವಾಗಿ ಗ್ರೀಸ್ ಸವರಿ, ತಿರುಚದೆ ಕೂರಿಸಿ. ಜೋಡಿಸುವಾಗ ನಾಲ್ಕೂ ಸ್ಕ್ರೂ ಎದುರು ಬದುರಾಗಿ ಸಮನಾಗಿ ಬಿಗಿಯಿರಿ. ಬಾಡಿ ಅಲ್ಯೂಮಿನಿಯಂ, ಮೈಮೇಲೆ ಬಿದ್ದು ಬಿಗಿದರೆ ಸ್ಕ್ರೂ ಕೂರುವ ಮರೆ (ಥ್ರೆಡ್) ಹಾಳಾಗುತ್ತದೆ. ಮೊದಲು 3 ಬಾರ್ ಕೊಟ್ಟು, ಪಿನ್ ಹಾಕದೆ, ಮೂತಿಯನ್ನು ಮರಕ್ಕೆ ಒತ್ತಿ ಎರಡು ಸಲ ಹೊಡೆದು ನೋಡಿ, ಆಮೇಲೆ ಏರಿಸಿ.

ಓ-ರಿಂಗ್ ಅಳತೆ ತೆಗೆಯುವಾಗ ಉಬ್ಬಿದ ಹಳೆಯ ರಿಂಗನ್ನಲ್ಲ, ಪಿಸ್ಟನ್ನಿನ ಗಾಡಿಯನ್ನು ಅಳೆಯಿರಿ. ಕೇಳಬೇಕಾದದ್ದು ಎನ್‌ಬಿಆರ್ (ಎಣ್ಣೆ ತಡೆಯುವ ನೈಟ್ರೈಲ್ ರಬ್ಬರ್), ಗಟ್ಟಿತನ 70 ಶೋರ್. ಅಳತೆ ಹೊಂದಿತು ಅಂತ ಕಾರಿನ ಬ್ರೇಕ್ ಕಿಟ್ಟಿನ ರಬ್ಬರ್ ಹಾಕಬೇಡಿ. ಅದು ಬ್ರೇಕ್ ಆಯಿಲ್‌ಗೆಂದೇ ಮಾಡಿದ ಬೇರೆ ರಬ್ಬರ್, ನಮ್ಮ ಖನಿಜ ಎಣ್ಣೆಯಲ್ಲಿ ಉಬ್ಬಿ ಪಿಸ್ಟನ್ ಹಿಡಿದುಕೊಳ್ಳುತ್ತದೆ.

ಹೊನ್ನೆ, ಮತ್ತಿ ಮರದಲ್ಲಿ ಪಿನ್ ಬಗ್ಗಿ ಪಕ್ಕಕ್ಕೆ ಬರುತ್ತದೆ. ಗನ್ನಿನ ದೋಷವೇ?

ಅಲ್ಲ. 18 ಗೇಜಿನ ಪಿನ್ ಸುಮಾರು 1.2 ಮಿ.ಮೀ. ದಪ್ಪ, ಉಳಿಯಂಥ ತುದಿ. ಗಟ್ಟಿ ಎಳೆ ಅಡ್ಡ ಸಿಕ್ಕರೆ ಅದು ಮೆತ್ತಗಿನ ದಾರಿ ಹುಡುಕಿಕೊಂಡು ತಿರುಗುತ್ತದೆ. ಉದ್ದ ಹೆಚ್ಚಿದಷ್ಟೂ ಹೆಚ್ಚು ತಿರುಗುತ್ತದೆ. 6 ಮಿ.ಮೀ. ಬೀಡಿಂಗಿಗೆ 15–20 ಮಿ.ಮೀ. ಸಾಕು, 30 ಹಾಕಬೇಕಿಲ್ಲ. ಬಗ್ಗುತ್ತಿದ್ದರೆ ಗನ್ನನ್ನು ಕಾಲು ಸುತ್ತು ತಿರುಗಿಸಿ ಹಿಡಿದು ನೋಡಿ. ಉಳಿತುದಿ ಎಳೆಗೆ ಬೇರೆ ದಿಕ್ಕಿನಲ್ಲಿ ತಾಗಿ ನೇರ ಹೋಗಬಹುದು. ಹಿಡಿದ ಕೈ ಮೂತಿಯಿಂದ 10 ಸೆಂ.ಮೀ. ದೂರ ಇರಲೇಬೇಕು, ಬಗ್ಗಿದ ಪಿನ್ ಪಕ್ಕದಿಂದ ಬೆರಳಿಗೇ ಬರುತ್ತದೆ. ಪಿನ್ ಅಂಟು ಒಣಗುವ ತನಕ ಹಿಡಿದಿಡುವುದಕ್ಕೆ. ಭಾರ ಹೊರುವ ಜೋಡಣೆಗೆ ಸ್ಕ್ರೂ ಹಾಕಿ.

ಜಗಲಿ, ಕಿಟಕಿಯ ಹೊರಮೈ, ಸ್ನಾನದ ಕೋಣೆಯ ಬಾಗಿಲಿಗೆ ಸ್ಟೇನ್‌ಲೆಸ್ ಪಿನ್ ಬಳಸಿ. ಸಾಮಾನ್ಯ ಪಿನ್ನಿನ ಸತು ಸವೆದು ಎರಡು ಮಳೆಗಾಲದಲ್ಲಿ ಪಾಲಿಶ್ ಕೆಳಗೆ ಕಪ್ಪು ಚುಕ್ಕೆ ಏಳುತ್ತದೆ.

ಅಡಿಕೆ ದಬ್ಬೆಗೆ, ಮಾಡಿನ ರೀಪಿಗೆ ಇದನ್ನು ಬಳಸಬಹುದೇ?

ಎಫ್-30 ಬಳಸಬೇಡಿ. ಮಾಡಿನ ಹಂಚಿನ ಭಾರ ಹೊರುವ ರೀಪಿಗೆ ಅಗಲ ತಲೆಯಿಲ್ಲದ ತೆಳು ಪಿನ್ ನಿಲ್ಲುವುದಿಲ್ಲ. ಅದಕ್ಕೆ ಕಾಯಿಲ್ ನೇಲರ್ (ಸುರುಳಿಯಾಗಿ ಸುತ್ತಿದ ಮೊಳೆ ಹೊಡೆಯುವ ಗನ್) ಬೇಕು, ಇಲ್ಲವೇ ಸುತ್ತಿಗೆಯೇ ಸರಿ. ದಬ್ಬೆಯ ಹೊರಮೈ ಗಟ್ಟಿ, ಒಳಗೆ ಮೆತ್ತಗೆ. ಪಿನ್ ಹೊರಮೈಯಲ್ಲಿ ಸೀಳು ಬಿಡಿಸಿ, ಒಳಗೆ ಹಿಡಿತ ಸಿಗದೆ ಸಡಿಲವಾಗುತ್ತದೆ.

ಜಂಬಿಟ್ಟಿಗೆ ಗೋಡೆಗೆ ಎಸ್‌ಟಿ-64 ಹೊಡೆಯಬಹುದೇ?

ಜಂಬಿಟ್ಟಿಗೆಯಲ್ಲಿ ತೂತು, ಮಣ್ಣಿನ ಎಳೆ ಹೆಚ್ಚು. ಮೊಳೆ ಸಲೀಸಾಗಿ ಹೋಗುತ್ತದೆ, ಹಾಗೆಯೇ ಬರುತ್ತದೆ. ಪ್ಲಗ್ ಹಾಕಿ ಸ್ಕ್ರೂ ಬಿಗಿಯಿರಿ. ಕರಿಕಲ್ಲಿಗೆ ಯಾವ ಕಾರಣಕ್ಕೂ ಹೊಡೆಯಬೇಡಿ, ಮೊಳೆ ಮುಖಕ್ಕೇ ಹಿಂದಿರುಗುತ್ತದೆ.

ಕರೆಂಟಿನ ವೋಲ್ಟೇಜ್ ಕಡಿಮೆ. ಕಂಪ್ರೆಸರ್ ಗುಂಯ್ ಅಂತ ನಿಂತುಬಿಡುತ್ತದೆ.

ಕೂಡಲೇ ಆಫ್ ಮಾಡಿ. ಹಾಗೆ ಅರೆ ನಿಮಿಷ ಬಿಟ್ಟರೂ ವೈಂಡಿಂಗ್ ಸುಡಬಹುದು. ಟ್ಯಾಂಕಿನಲ್ಲಿ ಪ್ರೆಶರ್ ಇದ್ದಾಗ ಮೋಟರ್ ಆಫ್ ಆದರೆ ಚಿಕ್ಕದಾಗಿ ಪುಸ್ ಅನ್ನಬೇಕು. ಅನ್‌ಲೋಡರ್ ವಾಲ್ವ್ ತಲೆಯ ಗಾಳಿ ಬಿಡುವ ಸದ್ದು ಅದು. ಬರದಿದ್ದರೆ ಮೋಟರ್ ಮುಂದಿನ ಸಲ ಒತ್ತಡದ ಎದುರೇ ತಿರುಗಬೇಕಾಗುತ್ತದೆ, ಕಡಿಮೆ ವೋಲ್ಟೇಜಿನಲ್ಲಿ ಆಗದು. ಪುಸ್ ಬಂದರೂ ಎದ್ದೇಳದಿದ್ದರೆ ಕೆಪಾಸಿಟರ್ ನೋಡಿಸಿ. ಎಕ್ಸ್‌ಟೆನ್ಶನ್ ವೈರ್ ತಾಮ್ರದ 2.5 ಚದರ ಮಿ.ಮೀ. ಇರಲಿ. ವೈರ್ ಉದ್ದ ಮಾಡುವುದಕ್ಕಿಂತ ಗಾಳಿಯ ಪೈಪು ಉದ್ದ ಮಾಡಿ.

ಗುಡ್ಡದ ಮೇಲಿನ ಎಸ್ಟೇಟಿನಲ್ಲಿ ಗಾಳಿ ತುಂಬಲು ಹೆಚ್ಚು ಹೊತ್ತು ಬೇಕಾಗುತ್ತದೆಯೇ?

ಹೌದು. ಸಾವಿರ ಮೀಟರ್ ಎತ್ತರದಲ್ಲಿ ಗಾಳಿ ಸಮುದ್ರಮಟ್ಟಕ್ಕಿಂತ ಸುಮಾರು ಶೇ. 10 ತೆಳು, ತುಂಬುವ ಹೊತ್ತು ಅಷ್ಟು ಹೆಚ್ಚು. ಗನ್ನಿಗೆ ಏನೂ ವ್ಯತ್ಯಾಸ ಇಲ್ಲ.

ಕರೆಂಟ್ ಹೋದಾಗ ಗ್ಯಾಸ್ ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರಿಗೆ ಜೋಡಿಸಬಹುದೇ?

ಎಂದಿಗೂ ಬೇಡ. ಎಣ್ಣೆ ಇರುವ ಜಾಗಕ್ಕೆ ಒತ್ತಡದ ಆಕ್ಸಿಜನ್ ತಾಗಿದರೆ ಗನ್ ಕೈಯಲ್ಲೇ ಸಿಡಿಯಬಹುದು. ಬೇರೆ ಯಾವ ಸಿಲಿಂಡರಿನ ಗ್ಯಾಸೂ ಬೇಡ, ಕಂಪ್ರೆಸರಿನ ಗಾಳಿ ಮಾತ್ರ.

ಕೈಗೆ ಪಿನ್ ಹೊಕ್ಕರೆ?

ಎಳೆಯಬೇಡಿ. ಮೂಳೆಗೆ, ನರಕ್ಕೆ ತಾಗಿದೆಯೇ ಎಂದು ಎಕ್ಸ್‌ರೇ ಇಲ್ಲದೆ ತಿಳಿಯದು. ಉಂಗುರ ಇದ್ದರೆ ಊದುವ ಮೊದಲೇ ತೆಗೆಯಿರಿ, ಬಟ್ಟೆ ಸುತ್ತಿ, ಕೈ ಎತ್ತಿ ಹಿಡಿದು ಹತ್ತಿರದ ಆಸ್ಪತ್ರೆಗೆ ಹೋಗಿ. ಶಿವಮೊಗ್ಗ ಪೇಟೆಯಲ್ಲಾದರೆ ಮೆಗ್ಗಾನ್ ಇದೆ. ಟಿಟಿ ಇಂಜೆಕ್ಷನ್ ಬಗ್ಗೆ ಕೇಳಿ. ಪಿನ್ನಿನ ಜೊತೆ ಎಣ್ಣೆ, ಅಂಟು ಒಳಗೆ ಹೋಗಿರುವುದರಿಂದ ಗಾಯ ಚಿಕ್ಕದೆಂದು ಬಿಡಬೇಡಿ. ಕಣ್ಣಿಗೆ ಕನ್ನಡಕ ಹಾಕದೆ ಗನ್ ಹಿಡಿಯಬೇಡಿ, ಟ್ರಿಗರಿನ ಸೇಫ್ಟಿಯನ್ನು ದಾರ ಕಟ್ಟಿ ಒತ್ತಿಡಬೇಡಿ.

ಮಳೆಗಾಲದಲ್ಲಿ ಎರಡು ತಿಂಗಳು ಕೆಲಸ ಇಲ್ಲ. ಗನ್ ಹೇಗೆ ಇಡಬೇಕು?

ಮೃಗಶಿರ ಮಳೆ ಹಿಡಿಯುವ ಮೊದಲೇ ಒಂದು ಸಲ ತಲೆ ಬಿಚ್ಚಿ, ಒರೆಸಿ, ಗ್ರೀಸ್ ಹಾಕಿ. ಗಾಳಿ ಬರುವ ಬಾಯಿಗೆ ಹತ್ತು ಹನಿ ಎಣ್ಣೆ ಬಿಟ್ಟು ಐದಾರು ಸಲ ಹೊಡೆದು, ಬಾಯಿಗೆ ಟೇಪು ಅಂಟಿಸಿ. ಮ್ಯಾಗಜೀನ್ ಖಾಲಿ ಇರಲಿ. ಬ್ಲೇಡಿಗೂ ಮೂತಿಗೂ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿ ಇಡಿ. ಬಚ್ಚಲೊಲೆಯ ಮೇಲಿನ ಅಟ್ಟ ಒಣಗಿರುತ್ತದೆ ಅಂತ ಅಲ್ಲಿಡುವವರಿದ್ದಾರೆ. ಆ ಬಿಸಿಗೆ ಓ-ರಿಂಗ್ ಗಟ್ಟಿಯಾಗಿ ಬಿರಿಯುತ್ತದೆ. ಕೋಣೆಯ ಒಳಗಿನ ಕಪಾಟು ಸಾಕು. ಕೆಲಸ ಶುರುವಾದ ದಿನ ಮೊದಲು ಐದು ಹನಿ ಎಣ್ಣೆ, ಆಮೇಲೆ 4 ಬಾರ್ ಗಾಳಿ. ಸದ್ದು ಸರಿಯಾಗಿ ಕೇಳಿಸಿದ ಮೇಲೆಯೇ ಪಿನ್ ತುಂಬಿ.